ಹೆಸರಿಲ್ಲದ ಪದಕಗಳ ಬೆನ್ನು ಹತ್ತಿ

ಮುಂಬೈಯ ಚೋರ್ ಬಜಾರಿನಲ್ಲಿ ಮಟನ್ ಸ್ಟ್ರೀಟ್ ಎಂಬ ಓಣಿ ಇದೆ. ಹೆಸರು ಮಟನ್, ಮಾರುವುದು ಹಳೆಯ ಸಾಮಾನು. ಶುಕ್ರವಾರ ಅಂಗಡಿಗಳು ಮುಚ್ಚಿರುತ್ತವೆ. ಹಾಗಾಗಿ ನಾನು ಹೋಗುವುದು ಶನಿವಾರ, ಹನ್ನೊಂದು ಗಂಟೆಯ ಹೊತ್ತಿಗೆ. ಅಷ್ಟರಲ್ಲಿ ಅಂಗಡಿಯವರದು ಮೊದಲ ಚಹಾ ಮುಗಿದು ಮಾತಾಡುವ ಮನಸ್ಸು ಬಂದಿರುತ್ತದೆ.

ಮೂರು ವರ್ಷದ ಹಿಂದೆ ಅಂಥದೊಂದು ಶನಿವಾರ, ಗ್ರಾಮಫೋನು, ಹಿತ್ತಾಳೆ ಗಂಟೆ, ಹಡಗಿನ ದಿಕ್ಸೂಚಿಗಳ ರಾಶಿಯ ನಡುವೆ ಅಂಗೈಯಗಲದ ಒಂದು ಚರ್ಮದ ಡಬ್ಬಿ ಕಂಡಿತು. ತೆರೆದೆ. ಮುಚ್ಚಳದ ಒಳಬದಿಯ ಬಟ್ಟೆಯ ಮೇಲೆ ಲಂಡನ್ನಿನ ಗ್ಯಾರಾರ್ಡ್ ಆಭರಣಕಾರರ ಹೆಸರು ಚಿನ್ನದ ಬಣ್ಣದಲ್ಲಿ ಮಾಸಿತ್ತು. ಕೆಳಗಿನ ವೆಲ್ವೆಟ್ಟಿನಲ್ಲಿ ಕೋಳಿಮೊಟ್ಟೆಯ ಆಕಾರದ ಗುಳಿ, ಅದರ ನೆತ್ತಿಯಲ್ಲಿ ಪುಟ್ಟ ಕಿರೀಟ ಕೂರುವಷ್ಟು ಜಾಗ. ಗುಳಿ ಖಾಲಿ. ಮೂಲೆಯಲ್ಲಿ ಮಾತ್ರ ತಿಳಿನೀಲಿ ರೇಷ್ಮೆಯ ಎರಡು ಎಳೆ ಸಿಕ್ಕಿಕೊಂಡಿದ್ದವು.

‘ಇದರಲ್ಲಿ ಏನಿತ್ತು ಭಾಯ್?’ ಎಂದೆ.

‘ಏನಿದ್ದರೇನು ಸಾಹೇಬ್, ಈಗ ಇಲ್ಲವಲ್ಲ. ಕಿವಿಯೋಲೆ ಇಟ್ಟುಕೊಳ್ಳಿ.’

ಸಾವಿರದ ಇನ್ನೂರು ಹೇಳಿದವನು ಎಂಟು ನೂರಕ್ಕೆ ಕೊಟ್ಟ. ಠಾಣೆಯ ಮನೆಗೆ ತಂದಾಗ ಹೆಂಡತಿ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಖಾಲಿ ಡಬ್ಬಿಗೆ ಎಂಟು ನೂರಾ?’ ಎಂದಳು. ಉತ್ತರ ಹೇಳಲು ಅವತ್ತು ಆಗಲಿಲ್ಲ. ಈ ಲೇಖನ ಆ ಉತ್ತರ ಅಂದುಕೊಳ್ಳಿ.

ಸಿ.ಐ. ಅಂದರೆ ಸರ್ಕಲ್ ಇನ್ಸ್‌ಪೆಕ್ಟರ್ ಅಲ್ಲ

ನನ್ನದು ಹಿರಿಯೂರು ತಾಲ್ಲೂಕು. ನಮ್ಮ ಕಡೆಯ ಮಕ್ಕಳಿಗೆ ‘ವಾಣಿವಿಲಾಸ’ ಅಂದರೆ ನೀರು. ವೇದಾವತಿಗೆ ಅಡ್ಡ ಕಟ್ಟಿದ ಮಾರಿಕಣಿವೆ ಅಣೆಕಟ್ಟೆಯ ಹೆಸರು ವಾಣಿವಿಲಾಸ ಸಾಗರ. ಶಾಲೆಯ ಪ್ರವಾಸ ಅಲ್ಲಿಗೆ, ನೆಂಟರು ಬಂದರೆ ತೋರಿಸುವುದು ಅದನ್ನೇ. ಆದರೆ ವಾಣಿವಿಲಾಸ ಎಂಬುದು ಒಬ್ಬ ಹೆಂಗಸಿನ ಹೆಸರಿನೊಳಗಿಂದ ಬಂದದ್ದು ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಎಂ.ಟೆಕ್ ಮುಗಿಸಿ ಮುಂಬೈ ಸೇರಿದ ಮೇಲೆ ಒಂದು ಮಳೆಗಾಲ ಹಳೆಯ ಸಂಸ್ಥಾನಗಳ ಪುಸ್ತಕವೊಂದನ್ನು ತಿರುವುತ್ತಿದ್ದಾಗ ಮೈಸೂರಿನ ಪುಟ ಸಿಕ್ಕಿತು. ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಹೆಸರಿನ ತುದಿಯಲ್ಲಿ ಎರಡು ಇಂಗ್ಲಿಷ್ ಅಕ್ಷರ: ಸಿ.ಐ. ನಮ್ಮೂರಲ್ಲಿ ಸಿ.ಐ. ಅಂದರೆ ಸರ್ಕಲ್ ಇನ್ಸ್‌ಪೆಕ್ಟರು. ಮಹಾರಾಣಿಯ ಹೆಸರಿನ ಹಿಂದೆ ಪೊಲೀಸರಿಗೇನು ಕೆಲಸ ಎಂದು ನಗುತ್ತಲೇ ಹುಡುಕಿದೆ. ಆ ಹುಡುಕಾಟವೇ ಹವ್ಯಾಸವಾಯಿತು.

ಸಿ.ಐ. ಅಂದರೆ ‘ಕ್ರೌನ್ ಆಫ್ ಇಂಡಿಯಾ’. ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿ ಎಂಬ ಪದವಿ ಧರಿಸಿದ್ದರ ನೆನಪಿಗೆ 1878ರ ಜನವರಿ 1ರಂದು ಸ್ಥಾಪಿಸಿದ ಆರ್ಡರ್ ಅದು. ಆರ್ಡರ್ ಅಂದರೆ ಬರಿಯ ಪದಕವಲ್ಲ, ಸದಸ್ಯತ್ವ ಇರುವ ಒಂದು ಗೌರವ ಬಳಗ. ಈ ಬಳಗದಲ್ಲಿ ಹೆಂಗಸರಿಗೆ ಮಾತ್ರ ಪ್ರವೇಶ. ಬ್ರಿಟಿಷ್ ರಾಜಕುಮಾರಿಯರು, ಭಾರತದ ಸಂಸ್ಥಾನಗಳ ರಾಣಿಯರು ಮತ್ತು ಅವರ ಮನೆಯ ಹೆಣ್ಣುಮಕ್ಕಳು, ವೈಸರಾಯ್, ಗವರ್ನರುಗಳಂಥ ದೊಡ್ಡ ಹುದ್ದೆಯವರ ಪತ್ನಿಯರು ಇದಕ್ಕೆ ಅರ್ಹರು. ಕೂಚ್ ಬಿಹಾರದ ಸುನೀತಿ ದೇವಿ, ಬರೋಡದ ಚಿಮಣಾಬಾಯಿ, ತಿರುವಾಂಕೂರಿನ ಸೇತುಲಕ್ಷ್ಮೀಬಾಯಿ ಇದನ್ನು ಧರಿಸಿದವರು. ವೈಸರಾಯ್ ಕರ್ಜನ್ನನ ಹೆಂಡತಿ ಮೇರಿಗೂ ಇತ್ತು, ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್ನರ ಹೆಂಡತಿ ಎಡ್ವಿನಾಗೂ ಇತ್ತು.

ಬ್ಯಾಡ್ಜ್ ನೋಡಲು ಸಣ್ಣದು, ಕೆಲಸ ಬಹಳ ನಾಜೂಕು. ಮುತ್ತಿನ ಅಂಡಾಕಾರದ ಚೌಕಟ್ಟು. ಒಳಗೆ ವಿಕ್ಟೋರಿಯಾಳ ಹೆಸರು, ರಾಣಿ ಮತ್ತು ಚಕ್ರವರ್ತಿನಿ ಎಂಬ ಪದವಿಗಳ ಲ್ಯಾಟಿನ್ ಮೊದಲಕ್ಷರಗಳು ಒಂದರೊಳಗೊಂದು ಹೆಣೆದುಕೊಂಡಿವೆ. ‘ವಿ’ ವಜ್ರದಲ್ಲಿ, ‘ಆರ್’ ಮುತ್ತಿನಲ್ಲಿ, ‘ಐ’ ನೀಲಿ ಟರ್ಕಾಯ್ಸ್ ಹರಳಿನಲ್ಲಿ. ಮೇಲೆ ಕಿರೀಟ. ಬಿಳಿ ಅಂಚಿನ ತಿಳಿನೀಲಿ ರೇಷ್ಮೆ ರಿಬ್ಬನ್ನನ್ನು ಚಿಟ್ಟೆಯಂತೆ ಗಂಟು ಹಾಕಿ, ಅದಕ್ಕೆ ಬ್ಯಾಡ್ಜ್ ತೂಗಿಸಿ, ಎಡಭುಜದ ಮೇಲೆ ಚುಚ್ಚಿಕೊಳ್ಳಬೇಕು. ನನ್ನ ಖಾಲಿ ಡಬ್ಬಿಯ ಗುಳಿಗೂ ಆ ಎರಡು ನೀಲಿ ಎಳೆಗೂ ಇಷ್ಟು ಅರ್ಥವಿರಬಹುದು.

ಇನ್ನೊಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಅದೇ ಕಾಲದ ‘ಸ್ಟಾರ್ ಆಫ್ ಇಂಡಿಯಾ’ದ ಮೇಲಿನ ದರ್ಜೆ ಪಡೆದ ಗಂಡಸು ‘ಸರ್’ ಆಗುತ್ತಿದ್ದ. ಕ್ರೌನ್ ಆಫ್ ಇಂಡಿಯಾ ಪಡೆದ ಹೆಂಗಸಿಗೆ ಯಾವ ಬಿರುದೂ ಇಲ್ಲ, ದರ್ಬಾರಿನ ಸಾಲಿನಲ್ಲಿ ಒಂದು ಹೆಜ್ಜೆ ಮೇಲಿನ ಸ್ಥಾನವೂ ಇಲ್ಲ. ಹೆಸರಿನ ಹಿಂದೆ ಎರಡು ಅಕ್ಷರ, ಭುಜದ ಮೇಲೆ ಒಂದು ಆಭರಣ. ಅಷ್ಟೇ.

ಪದಕ ಹೇಳದ ಕಥೆ

ಕೆಂಪನಂಜಮ್ಮಣ್ಣಿಯವರು ಹುಟ್ಟಿದ್ದು 1866ರಲ್ಲಿ. ಕಳಲೆ ಮನೆತನದ ಹೆಣ್ಣುಮಗಳು. 1878ರಲ್ಲಿ, ಅಂದರೆ ಆ ಆರ್ಡರ್ ಹುಟ್ಟಿದ ವರ್ಷವೇ, ಚಾಮರಾಜೇಂದ್ರ ಒಡೆಯರನ್ನು ಮದುವೆಯಾದರು. 1894ರ ಡಿಸೆಂಬರ್ ಕೊನೆಯಲ್ಲಿ ಮಹಾರಾಜರು ಕಲ್ಕತ್ತೆಗೆ ಹೋದವರು ಗಂಟಲಮಾರಿಯಿಂದ ಅಲ್ಲೇ ತೀರಿಕೊಂಡರು. ಮಗ ಕೃಷ್ಣರಾಜ ಒಡೆಯರಿಗೆ ಹತ್ತು ವರ್ಷ. ತಾಯಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮಗ 1902ರಲ್ಲಿ ಅಧಿಕಾರ ವಹಿಸಿಕೊಳ್ಳುವವರೆಗೆ ರಾಜ್ಯದ ರೀಜೆಂಟ್ ಆಗಿ ನಿಂತವರು ಅವರು.

ಆ ಏಳೆಂಟು ವರ್ಷಗಳನ್ನು ಒಮ್ಮೆ ಎಣಿಸಿ ನೋಡಿ. 1897ರಲ್ಲಿ ಮಗಳು ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲೇ ಮರದ ಹಳೆ ಅರಮನೆ ಬೆಂಕಿಗೆ ಆಹುತಿಯಾಯಿತು. ಇವತ್ತು ನಾವು ದಸರೆಯಲ್ಲಿ ದೀಪ ಬೆಳಗಿಸಿ ನೋಡುವ ಅರಮನೆಯ ಕೆಲಸ ಶುರುವಾದದ್ದು ಆ ಬೂದಿಯ ಮೇಲೆ. ಮರುವರ್ಷ ಬೆಂಗಳೂರಿಗೆ ಪ್ಲೇಗು ನುಗ್ಗಿತು. ಅದೇ 1898ರಲ್ಲಿ ನಮ್ಮ ಮಾರಿಕಣಿವೆಯ ಕೆಲಸ ಆರಂಭವಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರು ಈ ಕೆಲಸಗಳ ಜೊತೆ ಸರಿಯಾಗಿಯೇ ನೆನಪಾಗುತ್ತದೆ. ಆದರೆ ಆ ವರ್ಷಗಳಲ್ಲಿ ರಾಜ್ಯದ ಚುಕ್ಕಾಣಿಯ ಮೇಲೆ ಇದ್ದದ್ದು ಗಂಡ ಸತ್ತ, ಮಕ್ಕಳಿನ್ನೂ ಬೆಳೆಯುತ್ತಿದ್ದ ಒಬ್ಬ ತಾಯಿಯ ಕೈ.

ಇದರಲ್ಲಿ ಒಂದು ಸಾಲೂ ಆ ಬ್ಯಾಡ್ಜಿನ ಮೇಲಿಲ್ಲ. ಬ್ಯಾಡ್ಜಿನ ಮೇಲಿರುವುದು ಕೊಟ್ಟವಳ ಹೆಸರು. ಪಡೆದವಳ ಹೆಸರಲ್ಲ.

ಸಂಗ್ರಹಕಾರರ ಲೋಕದಲ್ಲಿ ಇದು ಬರಿಯ ಭಾವುಕ ಮಾತಲ್ಲ, ಪ್ರತಿದಿನದ ತಲೆನೋವು. ಬ್ರಿಟಿಷ್ ಕಾಲದ ಸಿಪಾಯಿಯ ಯುದ್ಧಪದಕ ನಿಮ್ಮ ಕೈಗೆ ಬಂದರೆ ಅದರ ಅಂಚನ್ನು ನೋಡಿ. ಸಾಮಾನ್ಯವಾಗಿ ಅಲ್ಲಿ ಅವನ ನಂಬರು, ಹೆಸರು, ಪಲ್ಟನ್ ಕೆತ್ತಿರುತ್ತಾರೆ. ಬಡ ಸಿಪಾಯಿಯ ಗುರುತು ನೂರು ವರ್ಷವಾದರೂ ಅಳಿಯುವುದಿಲ್ಲ. ಮಹಾರಾಣಿಯ ವಜ್ರದ ಬ್ಯಾಡ್ಜಿನಲ್ಲಿ ಆ ಏರ್ಪಾಡು ಇರಲಿಲ್ಲ. ಡಬ್ಬಿಯಿಂದ, ಕಾಗದದಿಂದ, ಮನೆಯಿಂದ ಬೇರೆಯಾದ ಕ್ಷಣ ಅದು ಯಾರದ್ದೂ ಅಲ್ಲ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಪ್ರೈಮರಿ ಕೀ ಅಳಿಸಿಹೋದ ಟೇಬಲ್. ಸಾಲುಗಳೆಲ್ಲ ಇವೆ, ಯಾವುದು ಯಾರದ್ದು ಅಂತ ಮಾತ್ರ ಗೊತ್ತಾಗುವುದಿಲ್ಲ.

ಅದರ ಮೇಲೆ ಇನ್ನೊಂದು ಅಪಾಯ. ಗಂಡಸಿನ ಪದಕ ಮನೆಯಲ್ಲಿ ಚೌಕಟ್ಟು ಸೇರುತ್ತದೆ. ಹೆಂಗಸಿನ ಪದಕ ಒಡವೆಯೂ ಹೌದಲ್ಲ, ಅದು ಒಡವೆಪೆಟ್ಟಿಗೆ ಸೇರುತ್ತದೆ. ಒಡವೆಪೆಟ್ಟಿಗೆಯಲ್ಲಿದ್ದದ್ದು ಪಾಲಾಗುತ್ತದೆ, ಕರಗುತ್ತದೆ, ವಜ್ರ ಕಿತ್ತು ಉಂಗುರವಾಗುತ್ತದೆ. ನನ್ನ ಡಬ್ಬಿಯ ಗುಳಿ ಖಾಲಿಯಾದದ್ದು ಹೀಗೆಯೇ ಇರಬಹುದು.

ಬೆಂಕಿಯಿಂದ, ಯುದ್ಧದಿಂದ ಹುಟ್ಟಿದವು

ಹೆಂಗಸರಿಗೆಂದೇ ಮೀಸಲಾದ ಇಂಥ ಆರ್ಡರುಗಳು ಬೇರೆ ರಾಜಮನೆತನಗಳಲ್ಲೂ ಇದ್ದವು. ಒಂದೊಂದರ ಹುಟ್ಟಿನ ಹಿಂದೆಯೂ ಒಂದು ಕಥೆ.

1668ರಲ್ಲಿ ವಿಯೆನ್ನಾದ ಹೋಫ್‌ಬುರ್ಗ್ ಅರಮನೆಗೆ ಬೆಂಕಿ ಬಿತ್ತು. ಯೇಸುವಿನ ಶಿಲುಬೆಯ ತುಣುಕೆಂದು ರಾಜಮನೆತನ ಪೂಜಿಸುತ್ತಿದ್ದ ಮರದ ಚೂರು ಬೂದಿಯ ನಡುವೆ ಸುಡದೆ ಸಿಕ್ಕಿತಂತೆ. ಆ ನೆನಪಿಗೆ ವಿಧವೆ ಮಹಾರಾಣಿ ಎಲಿಯೊನೊರಾ ‘ನಕ್ಷತ್ರ ಶಿಲುಬೆ’ಯ ಆರ್ಡರ್ ಸ್ಥಾಪಿಸಿದಳು. ಅದನ್ನು ಪಡೆಯಲು ಕುಲೀನ ಕ್ಯಾಥೊಲಿಕ್ ವಂಶಾವಳಿಯ ಪುರಾವೆ ಕೊಡಬೇಕಿತ್ತು. ಅಂದರೆ ಹುಟ್ಟಿಗೆ ಸಂದ ಗೌರವ.

ರಷ್ಯಾದ್ದು ಬೇರೆ ಬಗೆ. 1711ರಲ್ಲಿ ಪ್ರುತ್ ನದಿಯ ದಂಡೆಯಲ್ಲಿ ಪೀಟರ್ ದೊರೆಯ ಸೈನ್ಯವನ್ನು ತುರ್ಕರು ಸುತ್ತುವರಿದರು. ಜೊತೆಗಿದ್ದ ಕ್ಯಾಥರೀನ್ ತನ್ನ ಒಡವೆಗಳನ್ನೆಲ್ಲ ಕೊಟ್ಟು ತುರ್ಕರ ವಜೀರನನ್ನು ಒಲಿಸಿಕೊಂಡಳೆಂದು ಪ್ರತೀತಿ. ಒಡವೆಯ ಕಥೆ ನಿಜವೋ ಅಲ್ಲವೋ, ಆ ಕಷ್ಟಕಾಲದ ಅವಳ ಧೈರ್ಯದ ನೆನಪಿಗೆ ಪೀಟರ್ 1714ರಲ್ಲಿ ಸಂತ ಕ್ಯಾಥರೀನಳ ಹೆಸರಿನ ಆರ್ಡರ್ ಸ್ಥಾಪಿಸಿದ್ದು ನಿಜ. ಕಾಲ ಕಳೆದಂತೆ ಅದೂ ಹುಟ್ಟಿನ ಗೌರವವಾಯಿತು. ರಾಜಮನೆತನದಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ನಾಮಕರಣದ ದಿನವೇ ಅದರ ಕೆಂಪು ರಿಬ್ಬನ್. ಒಡವೆ ಬಿಟ್ಟುಕೊಟ್ಟವಳ ಹೆಸರಿನಲ್ಲಿ ತೊಟ್ಟಿಲ ಕೂಸಿಗೆ ಒಡವೆ!

ಪ್ರಷ್ಯಾದ ಲೂಯಿಸಾ ಆರ್ಡರ್ ನನಗೆ ಹೆಚ್ಚು ಇಷ್ಟ. ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿದ ಹೆಂಗಸರಿಗಾಗಿ 1814ರಲ್ಲಿ, ತೀರಿಕೊಂಡ ರಾಣಿಯ ಹೆಸರಿನಲ್ಲಿ ಸ್ಥಾಪಿಸಿದ್ದು. ಅಲ್ಲಿ ಕುಲ ಕೇಳಲಿಲ್ಲ, ಕೆಲಸ ಕೇಳಿದರು. ಒಟ್ಟೊಮನ್ ಸುಲ್ತಾನ ಎರಡನೇ ಅಬ್ದುಲ್ ಹಮೀದ್ 1878ರಲ್ಲಿ ಹೆಂಗಸರಿಗಾಗಿ ‘ಶಫ್ಕತ್’ ಅಂದರೆ ಕರುಣೆಯ ಹೆಸರಿನ ಪದಕ ತಂದ. ರಷ್ಯಾ ಯುದ್ಧದ ಸಂತ್ರಸ್ತರಿಗೆ ನೆರವಾದವರನ್ನು ಗೌರವಿಸಲು ಹುಟ್ಟಿದ್ದು ಅದು. ಜಪಾನ್ 1888ರಲ್ಲಿ ‘ಅಮೂಲ್ಯ ಕಿರೀಟ’ದ ಆರ್ಡರ್ ತಂದಿತು.

ಹೆಂಗಸಿಗೆ ಗೌರವ ಕೊಡುವಾಗ ಅವಳು ಯಾರ ಮಗಳು, ಯಾರ ಹೆಂಡತಿ ಎಂದು ನೋಡಬೇಕೋ ಅಥವಾ ಏನು ಮಾಡಿದಳು ಎಂದು ನೋಡಬೇಕೋ? ಇಷ್ಟೂ ಪದಕಗಳ ಇತಿಹಾಸ ಈ ಒಂದು ಪ್ರಶ್ನೆಯ ಎರಡು ದಡಗಳ ನಡುವೆ ಹರಿದಿದೆ.

ಇದಕ್ಕೆ ಸೇರದ ಒಂದು ಅಪವಾದ ನಮ್ಮ ದೇಶದ್ದೇ, ಭೋಪಾಲದ ಬೇಗಮರದು. ಅವರು ರಾಜನ ಹೆಂಡತಿಯರಲ್ಲ, ಸ್ವತಃ ಆಳಿದವರು. 1861ರಲ್ಲಿ ಸ್ಟಾರ್ ಆಫ್ ಇಂಡಿಯಾ ಶುರುವಾದಾಗ ಮೊದಲ ಸಾಲಿನಲ್ಲೇ ಸಿಕಂದರ್ ಬೇಗಂ ಇದ್ದರು. ಗಂಡಸರ ಆರ್ಡರಿನಲ್ಲಿ ಗಂಡಸರ ಸಮಕ್ಕೆ. 1857ರಲ್ಲಿ ಅವರು ಬ್ರಿಟಿಷರ ಪಕ್ಷ ವಹಿಸಿದ್ದರೆಂಬುದನ್ನೂ ಮರೆಯಬಾರದು. ಈ ಆಭರಣಗಳು ಪ್ರೀತಿಯ ಉಡುಗೊರೆ ಆಗಿರಲಿಲ್ಲ, ಸಾಮ್ರಾಜ್ಯ ತನ್ನವರನ್ನು ಕಟ್ಟಿಕೊಳ್ಳುವ ರೇಷ್ಮೆ ದಾರವೂ ಆಗಿದ್ದವು. ಸಿಕಂದರರ ಮೊಮ್ಮಗಳು ಸುಲ್ತಾನ್ ಜಹಾನ್ ಬೇಗಂ ಮುಸುಕಿನಲ್ಲೇ ದರ್ಬಾರುಗಳಿಗೆ ಬಂದವರು. ಗಂಡಸರಿಗೆ ಕೊಡುವ ದೊಡ್ಡ ದರ್ಜೆಗಳೂ ಅವರಿಗಿದ್ದವು, ಕ್ರೌನ್ ಆಫ್ ಇಂಡಿಯಾವೂ ಇತ್ತು.

ಮೋಸ ಹೋದದ್ದು, ಕಲಿತದ್ದು

ಸಂಬಳದ ಮೇಲೆ ಬದುಕುವ, ಗೃಹಸಾಲದ ಕಂತು ಕಟ್ಟುವ ಮನುಷ್ಯ ಇವನ್ನೆಲ್ಲ ಹೇಗೆ ಕೊಳ್ಳುತ್ತಾನೆ ಎಂದು ನೀವು ಕೇಳಬಹುದು. ಕೊಳ್ಳುವುದಿಲ್ಲ. ಅಸಲಿ ಕ್ರೌನ್ ಆಫ್ ಇಂಡಿಯಾ ನನ್ನ ಯೋಗ್ಯತೆಗೆ ಮೀರಿದ್ದು. ನಾನು ಕೂಡಿಡುವುದು ಅದರ ಸುತ್ತಮುತ್ತಲಿನದು. ಹಳೆಯ ರಿಬ್ಬನ್, ಡಬ್ಬಿ, ನೇಮಕದ ಕಾಗದ, ಪದಕ ತೊಟ್ಟ ಫೋಟೋ, ಅಪರೂಪಕ್ಕೊಂದು ಬೆಳ್ಳಿಯ ಪದಕ.

ಒಮ್ಮೆ ಮಾತ್ರ ಆಸೆಗೆ ಬಿದ್ದೆ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ ನೀಲಿ ಗಂಟಿನ ಬ್ಯಾಡ್ಜಿನ ಫೋಟೋ ಹಾಕಿ, ‘ಕೆಲವು ಹರಳು ಬದಲಾಗಿವೆ, ಹಾಗಾಗಿ ಕಡಿಮೆ ಬೆಲೆ’ ಎಂದು ಬರೆದಿದ್ದ. ನಲವತ್ತೆರಡು ಸಾವಿರ ಕಳಿಸಿದೆ. ಬಂದ ಪೊಟ್ಟಣ ಬಿಚ್ಚಿದ ಹತ್ತು ನಿಮಿಷದಲ್ಲಿ ಹೊಟ್ಟೆಯೊಳಗೆ ತಣ್ಣಗಾಯಿತು. ಹರಳು ಗಾಜು, ಮುತ್ತು ಪ್ಲಾಸ್ಟಿಕ್. ಮಾರಿದವನ ಖಾತೆ ಅಷ್ಟರಲ್ಲಿ ಮಾಯ. ಆ ನಕಲಿ ಇನ್ನೂ ನನ್ನ ಮೇಜಿನ ಮೇಲಿದೆ, ನನ್ನ ಅತ್ಯಂತ ದುಬಾರಿ ಗುರು ಅದು.

ಅದು ಕಲಿಸಿದ್ದನ್ನು ಹೇಳುತ್ತೇನೆ, ನಿಮ್ಮಲ್ಲಿ ಯಾರಿಗಾದರೂ ಈ ಹುಚ್ಚು ಇದ್ದರೆ ಉಪಯೋಗಕ್ಕೆ ಬರಲಿ. ಮೊದಲು ರಿಬ್ಬನ್ನಿಗೆ ಅಲ್ಟ್ರಾವಯೊಲೆಟ್ ಟಾರ್ಚ್ ಬಿಡಿ. ನಾಲ್ಕೈದು ನೂರಕ್ಕೆ ಸಿಗುತ್ತದೆ. ಈ ಕಾಲದ ಬಟ್ಟೆ, ದಾರಗಳಿಗೆ ಹೊಳಪಿನ ರಾಸಾಯನಿಕ ಹಾಕಿರುವುದರಿಂದ ಕತ್ತಲಲ್ಲಿ ನೀಲಿಯಾಗಿ ಝಗಮಗಿಸುತ್ತವೆ. ಹಳೆಯ ರೇಷ್ಮೆ ಹಾಗೆ ಉರಿಯುವುದಿಲ್ಲ. ಎರಡನೆಯದು ಟರ್ಕಾಯ್ಸ್ ಹರಳು. ಮೈಯ ಎಣ್ಣೆ, ಬೆವರು ಕುಡಿದು ಅದು ವರ್ಷ ಕಳೆದಂತೆ ಹಸಿರಿಗೆ ತಿರುಗುವುದುಂಟು. ನೂರು ವರ್ಷ ತೊಟ್ಟದ್ದು ಎನ್ನುವ ಬ್ಯಾಡ್ಜಿನಲ್ಲಿ ಎಲ್ಲ ಹರಳೂ ನಿನ್ನೆ ಬಣ್ಣ ಬಳಿದಂತಿದ್ದರೆ ಅನುಮಾನಪಡಿ. ಮೂರನೆಯದು ಹಿಂಬದಿ. ಮುಂಭಾಗವನ್ನು ಎಲ್ಲರೂ ಚೆನ್ನಾಗಿ ನಕಲು ಮಾಡುತ್ತಾರೆ, ಹಿಂಬದಿಯ ಪಿನ್ನು, ಕೀಲು, ಬೆಸುಗೆಯಲ್ಲಿ ಸಿಕ್ಕಿಬೀಳುತ್ತಾರೆ. ನಾಲ್ಕನೆಯದು ಡಬ್ಬಿ. ಅಸಲಿ ಡಬ್ಬಿಯ ಗುಳಿ ಆ ಪದಕಕ್ಕೆಂದೇ ಮಾಡಿದ್ದು, ಪದಕ ಅದರಲ್ಲಿ ಅಲ್ಲಾಡದೆ ಕೂರಬೇಕು. ರಷ್ಯಾದ ಪದಕವೆಂದು ಯಾರಾದರೂ ತೋರಿಸಿದರೆ ಚಿನ್ನದ ಮುದ್ರೆಯಲ್ಲಿ 56 ಎಂಬ ಅಂಕಿ ಹುಡುಕಿ. ಅವರ ಹಳೆ ಲೆಕ್ಕದಲ್ಲಿ ಶುದ್ಧ ಚಿನ್ನ 96, ಹಾಗಾಗಿ 56 ಅಂದರೆ ನಮ್ಮ 14 ಕ್ಯಾರೆಟ್. ಆದರೆ ಅಂಕಿ ಇದ್ದ ಮಾತ್ರಕ್ಕೆ ನಂಬಬೇಡಿ, ಮುದ್ರೆಯನ್ನೂ ನಕಲು ಮಾಡುತ್ತಾರೆ.

ಕಾನೂನೂ ತಿಳಿದಿರಲಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕುಶಲ ವಸ್ತುಗಳು ಪ್ರಾಚ್ಯವಸ್ತು. ಅವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ‘ಹೊರದೇಶದಲ್ಲಿ ಗಿರಾಕಿ ಇದ್ದಾನೆ, ಕೊರಿಯರ್ ಮಾಡಿಬಿಡೋಣ’ ಎನ್ನುವವರಿಂದ ದೂರವಿರಿ.

ಪುಣೆಯ ಆಜಿ

ಕಳೆದ ವರ್ಷ ಸಹೋದ್ಯೋಗಿಯೊಬ್ಬರು ಪುಣೆಯ ತಮ್ಮ ಪರಿಚಯದ ಮನೆಯೊಂದರ ವಿಳಾಸ ಕೊಟ್ಟರು. ಹಳೆಯ ಜಾಗೀರುದಾರ ಮನೆತನ. ವಾಡೆ ಎಂದೋ ಕೈಬಿಟ್ಟಿದೆ, ಈಗಿರುವುದು ಎರಡು ಕೋಣೆಯ ಫ್ಲ್ಯಾಟು. ಎಂಬತ್ತು ದಾಟಿದ ಆಜಿ ಪೆಟ್ಟಿಗೆಯಿಂದ ಕರವಸ್ತ್ರದಲ್ಲಿ ಸುತ್ತಿದ್ದ ಬೆಳ್ಳಿಯ ಅಂಡಾಕಾರದ ಪದಕ ತೆಗೆದಿಟ್ಟರು. ನೀಲಿ ರಿಬ್ಬನ್ನಿನ ಗಂಟು ಇನ್ನೂ ಜೊತೆಗಿತ್ತು. ಹಿಂಬದಿಯಲ್ಲಿ ‘ಕೈಸರ್-ಇ-ಹಿಂದ್, ಭಾರತದಲ್ಲಿ ಸಾರ್ವಜನಿಕ ಸೇವೆಗಾಗಿ’ ಎಂಬ ಇಂಗ್ಲಿಷ್ ಬರಹ.

ಕೈಸರ್-ಇ-ಹಿಂದ್ ಪದಕ ಶುರುವಾದದ್ದು 1900ರಲ್ಲಿ. ಅದು ಹೆಂಗಸರದ್ದು ಮಾತ್ರ ಅಲ್ಲ. ಜಾತಿ, ಹುದ್ದೆ, ಗಂಡು ಹೆಣ್ಣೆಂದು ನೋಡದೆ ಸೇವೆ ಮಾಡಿದವರಿಗೆ ಕೊಡುವುದು ಎಂದು ಅದರ ನಿಯಮ. ಗಾಂಧೀಜಿಗೆ ಇದರ ಚಿನ್ನದ ಪದಕ ಬಂದಿತ್ತು, 1920ರಲ್ಲಿ ಹಿಂದಿರುಗಿಸಿದರು. ಸರೋಜಿನಿ ನಾಯ್ಡು ಅವರಿಗೆ ಹೈದರಾಬಾದಿನ ಮೂಸಿ ನದಿಯ ಪ್ರವಾಹದ ವೇಳೆ ಮಾಡಿದ ಕೆಲಸಕ್ಕೆ ಬಂದಿತ್ತು, ಅವರೂ ಹಿಂದಿರುಗಿಸಿದರು. ಹೆಂಗಸರು ಇದನ್ನು ರಿಬ್ಬನ್ನಿನ ಗಂಟಿಗೆ ತೂಗಿಸಿ ತೊಡುತ್ತಿದ್ದರು. ಹೆಸರಿನ ಕೆತ್ತನೆ ಆಜಿಯ ಪದಕದಲ್ಲೂ ಇರಲಿಲ್ಲ.

‘ಸೊನಾರ ಮೂರು ಸಾವಿರ ಅಂದ ಬಾಳ. ಬೆಳ್ಳಿಯ ತೂಕಕ್ಕೆ. ನೀನು ಐದು ಕೊಡ್ತೀಯಾ? ಮಂಡಿಯ ಆಪರೇಷನ್ನಿಗೆ ಕೂಡಿಸ್ತಾ ಇದ್ದೀನಿ.’

ನಿಜ ಹೇಳುತ್ತೇನೆ, ಒಂದು ಕ್ಷಣ ಬಾಯಿ ಒಣಗಿತು. ಅದರ ಬೆಲೆ ಐದು ಸಾವಿರದ ಹಲವು ಪಟ್ಟು ಎಂದು ನನಗೆ ಗೊತ್ತಿತ್ತು. ಆಜಿಗೆ ಗೊತ್ತಿರಲಿಲ್ಲ. ಐದು ಸಾವಿರ ಕೊಟ್ಟು ಕೈಮುಗಿದು ಎದ್ದು ಬಂದಿದ್ದರೆ ಆಜಿ ನನ್ನನ್ನು ಹರಸಿಯೇ ಕಳಿಸುತ್ತಿದ್ದರು. ನಲವತ್ತೆರಡು ಸಾವಿರ ನುಂಗಿದವನೂ ಪ್ರಾಯಶಃ ಇಂಥದ್ದೇ ಒಂದು ಕ್ಷಣದಿಂದ ಶುರುಮಾಡಿದ್ದ ಅನಿಸಿತು.

‘ಆಜಿ, ಇದು ಯಾರದ್ದು?’ ಎಂದೆ.

ಅವರ ಅತ್ತೆಯ ತಾಯಿಯದ್ದಂತೆ. 1918ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಊರಿಗೆ ಊರೇ ಮಲಗಿದಾಗ ಆಕೆ ವಾಡೆಯ ಹಿಂದಿನ ಅಂಗಳದಲ್ಲಿ ಒಲೆ ಹೂಡಿ ಗಂಜಿ ಬೇಯಿಸಿ ಕೇರಿ ಕೇರಿಗೆ ಕಳಿಸಿದರು. ವಿಧವೆ. ಹೊಸ್ತಿಲು ದಾಟಬಾರದೆಂಬ ಮನೆ. ಹೊರಗೆ ಹೋಗುವಂತಿಲ್ಲ, ಹಾಗಾಗಿ ಒಲೆಯನ್ನೇ ದೊಡ್ಡದು ಮಾಡಿದರು. ಗಂಜಿ ಹೊತ್ತು ಹೋದ ಆಳುಗಳಲ್ಲಿ ಇಬ್ಬರು ಜ್ವರಕ್ಕೆ ಸತ್ತರು. ಪದಕ ಬಂದ ದಿನ ಆಕೆ ಅದನ್ನು ತೊಡಲಿಲ್ಲ, ಆ ಇಬ್ಬರ ಹೆಸರು ಹೇಳಿ ದೇವರ ಮುಂದೆ ಇಟ್ಟರಂತೆ. ಆಜಿ ಇದನ್ನು ಹೇಳುವಾಗ ಸೀರೆಯ ಸೆರಗಿನಿಂದ ಪದಕವನ್ನು ಒರೆಸುತ್ತಲೇ ಇದ್ದರು.

ಇಂಥ ಕಥೆಗಳು ‘ಆಜಿ ಪದಕ ಮಾರದೆ ಇಟ್ಟುಕೊಂಡರು’ ಎಂದು ಮುಗಿದರೆ ಚಂದ. ಹಾಗಾಗಲಿಲ್ಲ. ಮಂಡಿನೋವು ಕಥೆ ಕೇಳುವುದಿಲ್ಲ. ನಾನು ಅದರ ನಿಜವಾದ ಬೆಲೆ ಹೇಳಿದೆ. ಅಷ್ಟು ನನ್ನ ಕೈಯಲ್ಲಿರಲಿಲ್ಲ, ಮೂರು ಕಂತಿನಲ್ಲಿ ಕೊಡುತ್ತೇನೆ ಎಂದೆ. ಜೊತೆಗೆ ಒಂದು ಷರತ್ತು ಹಾಕಿದೆ. ಈಗ ಹೇಳಿದ್ದನ್ನೆಲ್ಲ ನಿಮ್ಮ ಕೈಬರಹದಲ್ಲಿ ಬರೆದುಕೊಡಬೇಕು, ಆಕೆಯ ಹೆಸರು, ಊರು, ಆ ಆಳುಗಳಿಬ್ಬರ ಹೆಸರು ಸಮೇತ. ಆಜಿ ನಕ್ಕರು. ‘ಬೆಳ್ಳಿಗಿಂತ ಕಾಗದ ಜಾಸ್ತಿ ಬೇಕೇನೋ ನಿನಗೆ!’ ಮೂರನೆಯ ಕಂತು ಕೊಡಲು ಹೋದಾಗ ನಾಲ್ಕು ಪುಟದ ಮರಾಠಿ ಬರಹ ಸಿದ್ಧವಿತ್ತು. ಆಪರೇಷನ್ ಆಗಿದೆ. ಈಗ ಕೋಲು ಹಿಡಿದು ಮೆಟ್ಟಿಲು ಇಳಿಯುತ್ತಾರೆ.

ಒಂದೇ ವಾರದ ಎರಡು ಸುದ್ದಿ

ಊರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದರೆ ಅಮ್ಮನ ತಕರಾರು ಬೇರೆಯದು. ‘ಅಲ್ಲಪ್ಪಾ, ಸತ್ತೋರ ಒಡವೆ ಮನೆಗ್ಯಾಕೆ ತರ್ತೀಯ?’ ಅಮ್ಮನಿಗೂ ನನಗೂ ಈ ವಿಷಯದಲ್ಲಿ ರಾಜಿ ಆಗಿಲ್ಲ. ಆದರೆ 2022ರ ಸೆಪ್ಟೆಂಬರಿನ ಒಂದು ವಾರ ನಾವಿಬ್ಬರೂ ಒಂದೇ ಹೆಸರಿನ ಬಗ್ಗೆ ಮಾತಾಡಿದ್ದುಂಟು.

ಆ ತಿಂಗಳ ಮೊದಲ ದಿನಗಳಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಿತು. 1933ರಲ್ಲಿ ತುಂಬಿ ಹರಿದ ಮೇಲೆ 89 ವರ್ಷ ಕಾದು ಮತ್ತೆ ಹರಿದದ್ದು. ತಾತ ತಾನು ಹುಡುಗನಾಗಿದ್ದಾಗ ಕಂಡ ಕೋಡಿಯ ಕಥೆ ಹೇಳುತ್ತಿದ್ದರು, ನಾವು ಅರ್ಧ ನಂಬುತ್ತಿದ್ದೆವು. ಅಮ್ಮ ವಿಡಿಯೊ ಕಳಿಸಿದ್ದಳು. ಬಿಳಿ ನೊರೆ, ಜನಸಾಗರ, ಬಾಗಿನ. ಆಫೀಸಿನ ಮೀಟಿಂಗಿನ ನಡುವೆ ಮೇಜಿನ ಕೆಳಗೆ ಮೊಬೈಲ್ ಹಿಡಿದು ಮತ್ತೆ ಮತ್ತೆ ನೋಡಿದೆ.

ಅದಾದ ಕೆಲವೇ ದಿನಕ್ಕೆ, ಸೆಪ್ಟೆಂಬರ್ 8ರಂದು, ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ತೀರಿಕೊಂಡ ಸುದ್ದಿ ಬಂತು. 1947ರಲ್ಲಿ, ಇನ್ನೂ ರಾಜಕುಮಾರಿಯಾಗಿದ್ದಾಗ, ಅವರಿಗೂ ಕ್ರೌನ್ ಆಫ್ ಇಂಡಿಯಾ ಸಿಕ್ಕಿತ್ತು. ಅದೇ ವರ್ಷ ನಾವು ಸ್ವತಂತ್ರರಾದೆವು, ಆಮೇಲೆ ಆ ಆರ್ಡರನ್ನು ಯಾರಿಗೂ ಕೊಡಲಿಲ್ಲ. ಬದುಕಿದ್ದ ಕೊನೆಯ ಸದಸ್ಯೆ ಅವರೇ. ಅವರ ಜೊತೆ ಕೆಂಪನಂಜಮ್ಮಣ್ಣಿಯವರ ಆ ಬಳಗ ಮುಗಿಯಿತು. ವಜ್ರ, ಮುತ್ತು, ನೀಲಿ ರಿಬ್ಬನ್ನಿನ ಗೌರವ ತೀರಿಹೋದ ಹೊತ್ತಿಗೆ ಹಿರಿಯೂರಿನಲ್ಲಿ ಅವರ ಹೆಸರಿನ ನೀರು ಕೋಡಿ ಹರಿದಿತ್ತು.

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹತ್ತಿರ ಎರಡು ಸರ್ಕಾರಿ ಆಸ್ಪತ್ರೆಗಳು ಅಕ್ಕಪಕ್ಕ ನಿಂತಿವೆ. ಒಂದು ವಿಕ್ಟೋರಿಯಾ. ಅದರ ಅಡಿಗಲ್ಲು ಇಟ್ಟವರು ಕೆಂಪನಂಜಮ್ಮಣ್ಣಿಯವರೇ, 1897ರಲ್ಲಿ. ಇನ್ನೊಂದು ವಾಣಿವಿಲಾಸ, ತಾಯಂದಿರು ಮತ್ತು ಮಕ್ಕಳ ಆಸ್ಪತ್ರೆ. ಪದಕ ಕೊಟ್ಟವಳ ಹೆಸರೂ ಪಡೆದವರ ಹೆಸರೂ ಅಲ್ಲಿ ಜೊತೆಯಾಗಿವೆ. ಹೋದ ಸಲ ಊರಿಗೆ ಹೋಗುವಾಗ ಬೆಂಗಳೂರಲ್ಲಿ ಬಸ್ಸಿಗೆ ಇನ್ನೂ ಹೊತ್ತಿತ್ತು, ವಾಣಿವಿಲಾಸದ ಗೇಟಿನ ಮುಂದೆ ಸ್ವಲ್ಪ ನಿಂತೆ. ಫ್ಲಾಸ್ಕು, ಬಟ್ಟೆಗಂಟು ಹಿಡಿದ ಅಜ್ಜಿಯೊಬ್ಬರು ಫೋನಿನಲ್ಲಿ ಕೂಗಿ ಹೇಳುತ್ತಿದ್ದರು, ‘ಹೆಣ್ಣು ಕಣೋ, ವಾಣಿವಿಲಾಸದಾಗೆ, ಇಬ್ರೂ ಚೆನ್ನಾಗವ್ರೆ!’

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಅಜ್ಜಿಯದೊಂದು ಪದಕ ಇರಬಹುದು. ರಾಣಿಯರದ್ದೇ ಆಗಬೇಕಿಲ್ಲ, ಶಾಲೆಯದ್ದೋ, ಭಜನಾ ಮಂಡಳಿಯದ್ದೋ, ರೆಡ್ ಕ್ರಾಸಿನದ್ದೋ. ಅದರ ಬೆಲೆ ಎಷ್ಟೆಂದು ನನ್ನನ್ನು ಕೇಳುವ ಮೊದಲು ಒಂದು ಹಾಳೆ ತೆಗೆದುಕೊಂಡು ಯಾರದ್ದು, ಯಾಕೆ ಬಂತು ಎಂದು ಬರೆದು ಅದರ ಜೊತೆ ಇಡಿ. ಹೇಳುವವರು ಮನೆಯಲ್ಲಿ ಇನ್ನೂ ಇರುವಾಗಲೇ ಬರೆಯಿರಿ.

ಚೋರ್ ಬಜಾರಿನ ಆ ಖಾಲಿ ಡಬ್ಬಿ ಈಗ ಖಾಲಿಯಿಲ್ಲ. ಆಜಿಯ ನಾಲ್ಕು ಪುಟಗಳನ್ನು ಸಣ್ಣದಾಗಿ ಮಡಚಿ ಅದರಲ್ಲಿ ಇಟ್ಟಿದ್ದೇನೆ. ಮೊನ್ನೆ ಹೆಂಡತಿ ಅದನ್ನು ತೆರೆದು, ಮರಾಠಿ ಓದಲು ಬಾರದಿದ್ದರೂ ಹೆಸರುಗಳ ಮೇಲೆ ಬೆರಳಾಡಿಸಿ, ಮತ್ತೆ ಮುಚ್ಚಿ ಬೀರುವಿನ ಮೇಲಿನ ಅರೆಯಲ್ಲಿಟ್ಟಳು. ಅವಳ ಒಡವೆಯ ಪಕ್ಕದಲ್ಲಿ.